ಎದೆಯೊಳಗಿನ ಲೆಕ್ಕ ಅಲ್ಲಾಹನಿಗೆ ಬಿಟ್ಟದ್ದು

ಕ್ರಿ.ಶ. 629ರ ಸುಮಾರಿನ ಒಂದು ಮುಂಜಾನೆ. ಮದೀನಾದಿಂದ ಹೊರಟಿದ್ದ ಸಣ್ಣ ಸೇನಾ ತುಕಡಿಯೊಂದು ಜುಹೈನಾ ಗೋತ್ರದ ಹುರಖಾ ಎಂಬ ಶಾಖೆಯ ಮೇಲೆ ದಾಳಿ ಮಾಡಿತು. ತುಕಡಿಯಲ್ಲಿ ಹ.ಉಸಾಮ ಬಿನ್ ಝೈದ್(ರ) ಎಂಬ ಯುವಕರಿದ್ದರು. ಪ್ರವಾದಿ ಮುಹಮ್ಮದ್(ಸ)ರು ಗುಲಾಮಗಿರಿಯಿಂದ ಬಿಡಿಸಿ ಮಗನಂತೆ ಸಾಕಿದ ಝೈದ್ ಬಿನ್ ಹಾರಿಸ(ರ)ರ ಪುತ್ರ ಅವರು. ತಾಯಿ ಉಮ್ಮು ಐಮನ್(ರ), ಪ್ರವಾದಿಯವರನ್ನು(ಸ) ಎಳೆಯ ವಯಸ್ಸಿನಲ್ಲಿ ಎತ್ತಿ ಆಡಿಸಿದವರು. ಪ್ರವಾದಿಯವರಿಗೆ(ಸ) ಉಸಾಮರ ಮೇಲೆ ಎಷ್ಟು ಅಕ್ಕರೆಯೆಂದರೆ, ಅವರ ಬಳಿ ಯಾರಿಗಾದರೂ ಶಿಫಾರಸು ಬೇಕಾದರೆ ಜನರು ಉಸಾಮರನ್ನೇ ಮುಂದೆ ಮಾಡುತ್ತಿದ್ದರು.

ಕಾಳಗದಲ್ಲಿ ಉಸಾಮ ಮತ್ತು ಒಬ್ಬ ಅನ್ಸಾರಿ ಗೆಳೆಯ ಸೇರಿ ಶತ್ರುಪಕ್ಷದ ಒಬ್ಬನನ್ನು ಸುತ್ತುವರಿದರು. ಇನ್ನೇನು ಆಯುಧ ಎರಗಬೇಕು ಎನ್ನುವಾಗ ಅವನು ಅಲ್ಲಾಹನ ಹೊರತು ಬೇರೆ ಆರಾಧ್ಯನಿಲ್ಲ ಎಂಬ ವಚನವನ್ನು ಉಚ್ಚರಿಸಿದ. ಅನ್ಸಾರಿ ಕೈ ಹಿಂದೆಗೆದರು. ಉಸಾಮ ಹಿಂದೆಗೆಯಲಿಲ್ಲ. ಭರ್ಜಿಯಿಂದ ಅವನನ್ನು ಇರಿದು ಕೊಂದರು.

ಸುದ್ದಿ ಮದೀನಾಕ್ಕೆ ತಲುಪಿತು. ಪ್ರವಾದಿಯವರು(ಸ) ಉಸಾಮರನ್ನು ಕರೆಸಿ ಆ ವಚನ ನುಡಿದ ಮೇಲೂ ಕೊಂದೆಯಾ ಎಂದು ವಿಚಾರಿಸಿದರು. ಪ್ರಾಣ ಉಳಿಸಿಕೊಳ್ಳಲು, ಆಯುಧಕ್ಕೆ ಹೆದರಿ ಹಾಗೆ ಹೇಳಿದನೆಂದು ಉಸಾಮ ವಿವರಿಸಿದರು. ಆಗ ಪ್ರವಾದಿಯವರು(ಸ) ಕೇಳಿದ ಪ್ರಶ್ನೆ ಇಸ್ಲಾಮಿನ ಇತಿಹಾಸದಲ್ಲಿ ಇಂದಿಗೂ ಮೊಳಗುತ್ತಿದೆ. ಅವನು ಮನಸಾರೆ ಹೇಳಿದನೋ ಇಲ್ಲವೋ ಎಂದು ತಿಳಿಯಲು ನೀನು ಅವನ ಎದೆಯನ್ನು ಸೀಳಿ ನೋಡಿದ್ದೆಯಾ ಎಂಬುದೇ ಆ ಪ್ರಶ್ನೆ. ಅವರು ಅದನ್ನು ಮತ್ತೆ ಮತ್ತೆ ಕೇಳಿದರು. ತಾನು ಅದೇ ದಿನ ಹೊಸದಾಗಿ ಇಸ್ಲಾಮ್ ಸ್ವೀಕರಿಸಿದ್ದರೆ ಎಷ್ಟು ಚೆನ್ನಾಗಿತ್ತು, ಆಗ ಈ ಪಾಪ ತನ್ನ ಲೆಕ್ಕದಲ್ಲಿ ಇರುತ್ತಿರಲಿಲ್ಲವಲ್ಲ ಎಂದು ಉಸಾಮರಿಗೆ ಅನಿಸುವಷ್ಟು ಸಲ ಕೇಳಿದರು. ಬುಖಾರಿ ಮತ್ತು ಮುಸ್ಲಿಮ್, ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ಘಟನೆ ದಾಖಲಾಗಿದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಉಸಾಮರ ಊಹೆ ಅಸಂಬದ್ಧವಾಗಿರಲಿಲ್ಲ. ಕುತ್ತಿಗೆಯ ಮೇಲೆ ಆಯುಧ ಬಂದಾಗ ಮನುಷ್ಯ ಏನು ಬೇಕಾದರೂ ಹೇಳುತ್ತಾನೆ. ಪ್ರವಾದಿಯವರು(ಸ) ಆ ಊಹೆ ಸುಳ್ಳೆಂದು ವಾದಿಸಲಿಲ್ಲ. ಆ ವ್ಯಕ್ತಿ ಪ್ರಾಮಾಣಿಕನೆಂದು ಸಾಕ್ಷ್ಯವನ್ನೂ ಕೊಡಲಿಲ್ಲ. ಊಹೆ ಸರಿಯೋ ತಪ್ಪೋ ಎಂಬ ಚರ್ಚೆಗೆ ಅವರು ಹೋಗಲೇ ಇಲ್ಲ. ಎದೆಯೊಳಗಿನದು ಮನುಷ್ಯನ ಅಧಿಕಾರ ವ್ಯಾಪ್ತಿಗೆ ಸೇರಿದ್ದಲ್ಲ ಎಂಬುದೇ ಅವರ ಮಾತಿನ ತಿರುಳಾಗಿತ್ತು.

ತವಕ್ಕುಲ್, ಅಂದರೆ ಅಲ್ಲಾಹನ ಮೇಲಿನ ಭರವಸೆ ಎಂದ ಕೂಡಲೇ ನಮಗೆ ಅನ್ನ, ಆರೋಗ್ಯ, ಮಕ್ಕಳ ಭವಿಷ್ಯ ನೆನಪಾಗುತ್ತವೆ. ನಮ್ಮ ಕೈಮೀರಿದ್ದನ್ನು ಅವನಿಗೆ ಒಪ್ಪಿಸಿ ನೆಮ್ಮದಿಯಿಂದಿರುವುದು ತವಕ್ಕುಲ್. ಹಾಗಿದ್ದರೆ ಇನ್ನೊಬ್ಬನ ಅಂತರಂಗಕ್ಕಿಂತ ಹೆಚ್ಚು ನಮ್ಮ ಕೈಮೀರಿದ್ದು ಯಾವುದಿದೆ? ಅದನ್ನು ಅಲ್ಲಾಹನಿಗೆ ಬಿಡುವುದೂ ತವಕ್ಕುಲ್‌ನ ಒಂದು ಭಾಗವೇ. ಹಾಗೆ ಬಿಟ್ಟ ಕಾಲದಲ್ಲಿ ಸಮಾಜ ಹೇಗಿತ್ತು, ಬಿಡದಿದ್ದ ಕಾಲದಲ್ಲಿ ಏನಾಯಿತು ಎಂಬುದಕ್ಕೆ ಇತಿಹಾಸ ಸಾಕ್ಷಿಯಾಗಿದೆ.

ಕಪಟಿಗಳ ನಡುವೆ ಮದೀನಾ

ಮದೀನಾದಲ್ಲಿ ಬಾಯಲ್ಲಿ ಇಸ್ಲಾಮ್ ಇಟ್ಟುಕೊಂಡು ಮನಸ್ಸಿನಲ್ಲಿ ವಿರೋಧವಿಟ್ಟುಕೊಂಡವರ ಗುಂಪೊಂದಿತ್ತು. ಕುರ್‌ಆನ್ ಅವರನ್ನು ಮುನಾಫಿಕರು, ಅಂದರೆ ಕಪಟಿಗಳು ಎಂದು ಕರೆಯಿತು. ಖಝ್‌ರಜ್ ಗೋತ್ರದ ಪ್ರಮುಖ ಅಬ್ದುಲ್ಲಾ ಬಿನ್ ಉಬಯ್ಯ್ ಅವರ ನಾಯಕ. 625ರಲ್ಲಿ ಉಹುದ್ ಯುದ್ಧಕ್ಕೆ ಹೊರಟ ಸೇನೆಯಿಂದ ಸುಮಾರು 300 ಮಂದಿಯನ್ನು ಕಟ್ಟಿಕೊಂಡು ಆತ ಅರ್ಧದಾರಿಯಲ್ಲಿ ಹಿಂತಿರುಗಿದ್ದ. ಮಕ್ಕಾದಿಂದ ಬಂದ ವಲಸಿಗರ ವಿರುದ್ಧ ಮದೀನಾದವರನ್ನು ಎತ್ತಿಕಟ್ಟುವ ಮಾತುಗಳನ್ನೂ ಆಡಿದ್ದ. ಅವನನ್ನು ಕೊಲ್ಲಲು ಅನುಮತಿ ಕೊಡಿ ಎಂದು ಹ.ಉಮರ್(ರ) ಕೇಳಿದಾಗ ಪ್ರವಾದಿಯವರು(ಸ) ಒಪ್ಪಲಿಲ್ಲ. ಮುಹಮ್ಮದ್ ತನ್ನ ಸಂಗಡಿಗರನ್ನೇ ಕೊಲ್ಲುತ್ತಾನೆಂದು ಜನ ಆಡಿಕೊಳ್ಳುವಂತಾಗಬಾರದು ಎಂಬುದು ಅವರು ಕೊಟ್ಟ ಕಾರಣ.

ಆತ ಮದೀನಾದಲ್ಲೇ ಬದುಕಿದ, ಮಸೀದಿಗೆ ಬಂದ, ಹಾಸಿಗೆಯ ಮೇಲೆಯೇ ತೀರಿಕೊಂಡ. ಅವನ ಮಗ ಅಪ್ಪಟ ವಿಶ್ವಾಸಿ. ಮಗನ ಕೋರಿಕೆಯಂತೆ ಪ್ರವಾದಿಯವರು(ಸ) ಕಫನ್‌ಗಾಗಿ ತಮ್ಮ ಅಂಗಿಯನ್ನೇ ಕೊಟ್ಟರು, ಜನಾಝ ನಮಾಝನ್ನೂ ನಿರ್ವಹಿಸಿದರು. ಅಂಥವರಿಗಾಗಿ ಇನ್ನು ಮುಂದೆ ಪ್ರವಾದಿಯವರು(ಸ) ನಮಾಝ್ ನಿರ್ವಹಿಸಬಾರದೆಂಬ ಕುರ್‌ಆನ್ ಆದೇಶ ಬಂದದ್ದು ಆ ನಂತರ. ಆದರೆ ಆ ಆದೇಶದ ಬಳಿಕವೂ ಕಪಟಿಗಳ ಹೆಸರುಗಳ ಪಟ್ಟಿಯನ್ನು ಮಸೀದಿಯ ಗೋಡೆಗೆ ಅಂಟಿಸಲಿಲ್ಲ. ಅವರ ಪತ್ನಿಯರನ್ನು ಬೇರ್ಪಡಿಸಲಿಲ್ಲ. ಅವರ ಆಸ್ತಿಯ ಹಕ್ಕನ್ನು ಕಸಿಯಲಿಲ್ಲ.

ಆ ಹೆಸರುಗಳು ಗೊತ್ತಿದ್ದ ಒಬ್ಬ ಸಹಾಬಿ ಇದ್ದರು. ಹ.ಹುದೈಫಾ ಬಿನ್ ಯಮಾನ್(ರ). ಪ್ರವಾದಿಯವರು(ಸ) ಅವರಿಗೆ ಗುಟ್ಟಾಗಿ ತಿಳಿಸಿದ್ದರೆಂಬ ಕಾರಣಕ್ಕೆ ಅವರನ್ನು ರಹಸ್ಯದ ಒಡೆಯ ಎಂದು ಕರೆಯಲಾಗುತ್ತಿತ್ತು. ಪ್ರವಾದಿಯವರ(ಸ) ಬಳಿಕ ಸುಮಾರು ಕಾಲು ಶತಮಾನ ಬದುಕಿದ ಅವರು 656ರಲ್ಲಿ ಇರಾಕ್‌ನ ಮದಾಇನ್‌ನಲ್ಲಿ ಮರಣ ಹೊಂದಿದರು. ಅಷ್ಟು ವರ್ಷಗಳ ರಾಜಕೀಯ ಏರಿಳಿತಗಳಲ್ಲಿ ಆ ಪಟ್ಟಿ ಎಷ್ಟು ಬೆಲೆಬಾಳುವ ಅಸ್ತ್ರವಾಗಬಹುದಿತ್ತು! ಅವರು ಅದನ್ನು ತಮ್ಮೊಂದಿಗೇ ಗೋರಿಗೆ ಒಯ್ದರು. ಖಲೀಫ ಉಮರ್(ರ) ಕೂಡ ಪಟ್ಟಿಯನ್ನು ಕೊಡೆಂದು ಪೀಡಿಸಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ. ಆ ಪಟ್ಟಿಯಲ್ಲಿ ತನ್ನ ಹೆಸರಿದೆಯೇ?

ಅರ್ಧ ಜಗತ್ತನ್ನು ನಡುಗಿಸಿದ ಆಡಳಿತಗಾರ ಬೇರೆಯವರ ಎದೆಯ ಬಗ್ಗೆ ಕೇಳಲಿಲ್ಲ, ತನ್ನ ಎದೆಯ ಬಗ್ಗೆ ಕೇಳಿದರು. ಇಡೀ ವಿಷಯದ ಬೀಗದ ಕೈ ಇಲ್ಲಿಯೇ ಇದೆ.

ನ್ಯಾಯಪೀಠದ ಮಿತಿ

ಪ್ರವಾದಿಯವರು(ಸ) ನ್ಯಾಯಾಧೀಶರಾಗಿ ಕುಳಿತಾಗಲೂ ಇದೇ ಮಿತಿಯನ್ನು ಪಾಲಿಸಿದರು. ಅವರ ಪತ್ನಿ ಹ.ಉಮ್ಮು ಸಲಮಾ(ರ) ವರದಿ ಮಾಡಿದ ಹದೀಸೊಂದರ ಸಾರ ಹೀಗಿದೆ: ತಾನೂ ಒಬ್ಬ ಮನುಷ್ಯ. ವ್ಯಾಜ್ಯ ತರುವವರಲ್ಲಿ ಒಬ್ಬ ಇನ್ನೊಬ್ಬನಿಗಿಂತ ಚೆನ್ನಾಗಿ ವಾದ ಮಂಡಿಸಬಲ್ಲವನಾಗಿರಬಹುದು. ತಾನು ಕೇಳಿದ್ದರ ಆಧಾರದಲ್ಲಿ ತೀರ್ಪು ಕೊಡುತ್ತೇನೆ. ಹಾಗೆ ಇನ್ನೊಬ್ಬನ ಹಕ್ಕು ಯಾರಿಗಾದರೂ ದಕ್ಕಿದರೆ ಅವನಿಗೆ ದಕ್ಕಿದ್ದು ಬೆಂಕಿಯ ತುಣುಕು. ದೇವವಾಣಿ ಪಡೆಯುತ್ತಿದ್ದವರೇ ನ್ಯಾಯಾಲಯದಲ್ಲಿ ಅಂತರಂಗದ ಜ್ಞಾನವನ್ನು ಪುರಾವೆಯಾಗಿ ಬಳಸಲಿಲ್ಲವೆಂದರೆ ಉಳಿದವರ ಪಾಡೇನು?

ಹ.ಉಮರ್(ರ) ಖಲೀಫರಾದ ಬಳಿಕ ಇದನ್ನು ಆಡಳಿತದ ನಿಯಮವಾಗಿ ಸಾರಿದರು. ದೇವವಾಣಿ ಬರುವುದು ನಿಂತಿದೆ, ಇನ್ನು ಜನರನ್ನು ಅವರ ಹೊರಗೆ ಕಾಣುವ ಕರ್ಮಗಳಿಂದಲೇ ಅಳೆಯಲಾಗುವುದು, ಒಳಗಿನದರ ವಿಚಾರಣೆ ಅಲ್ಲಾಹನಿಗೆ ಸೇರಿದ್ದು ಎಂಬುದು ಅವರ ಘೋಷಣೆಯ ಸಾರಾಂಶ. ಇದರ ಎರಡನೇ ಮಗ್ಗುಲನ್ನೂ ಅವರು ಹೇಳಿದ್ದರು. ಹೊರಗೆ ಕೆಡುಕು ಮಾಡಿದವನು ತನ್ನ ಮನಸ್ಸು ಒಳ್ಳೆಯದೆಂದು ಹೇಳಿಕೊಂಡು ಪಾರಾಗುವಂತಿಲ್ಲ. ಆದ್ದರಿಂದ ಈ ನಿಯಮವನ್ನು ಅಪರಾಧಿಗೆ ಕೊಟ್ಟ ವಿನಾಯಿತಿಯೆಂದು ತಿಳಿಯಬಾರದು. ಕಳ್ಳತನಕ್ಕೆ, ಕೊಲೆಗೆ, ಮೋಸಕ್ಕೆ ವಿಚಾರಣೆಯಿದೆ. ಸಂಶಯಕ್ಕೆ ವಿಚಾರಣೆಯಿಲ್ಲ.

ಇಮಾಮ್ ಗಝಾಲಿ (1058-1111) ತಮ್ಮ ಕೃತಿಯಲ್ಲಿ ಒಂದು ಕಥೆಯನ್ನು ಉಲ್ಲೇಖಿಸಿದ್ದಾರೆ. ರಾತ್ರಿ ಗಸ್ತು ತಿರುಗುತ್ತಿದ್ದ ಉಮರ್(ರ)ರಿಗೆ ಒಂದು ಮನೆಯೊಳಗಿಂದ ಸಂಶಯಾಸ್ಪದ ಸದ್ದು ಕೇಳಿಸಿತು. ಗೋಡೆ ಹತ್ತಿ ಇಳಿದರೆ ಅಲ್ಲೊಬ್ಬ ಮದ್ಯದೊಂದಿಗೆ ಕುಳಿತಿದ್ದಾನೆ. ಗದರಿದಾಗ ಅವನೆಂದ: ನಾನು ಒಂದು ತಪ್ಪು ಮಾಡಿದ್ದರೆ ತಾವು ಮೂರು ಮಾಡಿದ್ದೀರಿ. ಗೂಢಚಾರಿಕೆ ಬೇಡವೆಂದು ಅಲ್ಲಾಹನು ಹೇಳಿದ್ದಾನೆ, ತಾವು ಮಾಡಿದಿರಿ. ಬಾಗಿಲಿನಿಂದ ಬನ್ನಿ ಎಂದಿದ್ದಾನೆ, ಗೋಡೆ ಹಾರಿದಿರಿ. ಸಲಾಮ್ ಹೇಳಿ ಅನುಮತಿ ಪಡೆಯಿರಿ ಎಂದಿದ್ದಾನೆ, ಅದನ್ನೂ ಮಾಡಲಿಲ್ಲ. ಖಲೀಫರಿಗೆ ಉತ್ತರವಿರಲಿಲ್ಲ. ಅವನನ್ನು ಬಿಟ್ಟು ಹೊರಟರು. ಈ ಕಥೆ ತಲೆಮಾರುಗಳಿಂದ ಹೇಳಲ್ಪಡುತ್ತಾ ಬಂದದ್ದೇ ಮುಸ್ಲಿಮ್ ಸಮಾಜ ಯಾವುದನ್ನು ನ್ಯಾಯವೆಂದು ತಿಳಿದಿತ್ತೆಂಬುದಕ್ಕೆ ನಿದರ್ಶನ.

ಕಾನೂನಿನ ಭಾಷೆಯಲ್ಲಿ ಇದನ್ನು ಗಟ್ಟಿಯಾಗಿ ಪ್ರತಿಪಾದಿಸಿದವರಲ್ಲಿ ಇಮಾಮ್ ಶಾಫಿಈ (767-820) ಪ್ರಮುಖರು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವುದು ಇವರದೇ ಮದ್‌ಹಬನ್ನು. ಗುಪ್ತವಾಗಿ ಅವಿಶ್ವಾಸ ಇಟ್ಟುಕೊಂಡ ಆರೋಪ ಹೊತ್ತವನು ತಾನು ವಿಶ್ವಾಸಿಯೆಂದು ಹೇಳಿದರೆ ಅದನ್ನು ಒಪ್ಪಬೇಕೇ ಎಂಬ ವಿವಾದ ಅಂದು ಬಿಸಿಯಾಗಿತ್ತು. ಅಬ್ಬಾಸಿ ಖಲೀಫ ಮಹ್ದಿ ತನ್ನ ಆಡಳಿತದಲ್ಲಿ (775-785) ಇಂತಹ ಗುಪ್ತ ಅವಿಶ್ವಾಸಿಗಳನ್ನು ಹುಡುಕಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದ್ದ. ಅಂಧ ಕವಿ ಬಶ್ಶಾರ್ ಬಿನ್ ಬುರ್ದ್ ಆ ಕಾಲದಲ್ಲಿ ಚಾವಟಿ ಏಟಿಗೆ ಸತ್ತವನು. ಆಸ್ಥಾನದ ದೊಡ್ಡವರನ್ನು ಅವನು ಲೇವಡಿ ಮಾಡಿದ್ದೂ ಅವನ ಸಾವಿಗೆ ಕಾರಣವೆನ್ನಲಾಗುತ್ತದೆ. ಅಂತಹ ಆರೋಪಿಯ ಪಶ್ಚಾತ್ತಾಪವನ್ನು ನಂಬಲಾಗದೆಂದು ಮಾಲಿಕಿ ವಿದ್ವಾಂಸರು ವಾದಿಸಿದರು. ಶಾಫಿಈಯವರು ಒಪ್ಪಲಿಲ್ಲ. ಕಪಟವು ಕುರ್‌ಆನಿನಿಂದಲೇ ಬಯಲಾಗಿದ್ದ ಮದೀನಾದವರನ್ನೂ ಪ್ರವಾದಿಯವರು(ಸ) ಅವರ ಬಾಯಿಮಾತಿನ ಆಧಾರದಲ್ಲಿ ಬದುಕಲು ಬಿಟ್ಟರು, ಹೀಗಿರುವಾಗ ಇನ್ನೊಬ್ಬರ ಮನಸ್ಸನ್ನು ಓದಲು ನಮಗೇನು ಹಕ್ಕಿದೆ ಎಂಬುದು ಅವರ ವಾದವಾಗಿತ್ತು.

ಎದೆ ಸೀಳಲು ಹೊರಟವರು

ಹುನೈನ್ ಯುದ್ಧದ ನಂತರದ ದಿನಗಳು. ಹ.ಅಲಿ(ರ) ಯಮನ್‌ನಿಂದ ಕಳುಹಿಸಿದ ಕಚ್ಚಾ ಚಿನ್ನವನ್ನು ಪ್ರವಾದಿಯವರು(ಸ) ನಾಲ್ವರು ಗೋತ್ರ ಪ್ರಮುಖರಿಗೆ ಹಂಚಿದರು. ಆಗ ಗುಳಿಬಿದ್ದ ಕಣ್ಣುಗಳ, ಬೋಳುತಲೆಯ ಒಬ್ಬಾತ ಎದ್ದು, ಅಲ್ಲಾಹನನ್ನು ಭಯಪಡು ಎಂದು ಪ್ರವಾದಿಯವರಿಗೇ(ಸ) ಬುದ್ಧಿ ಹೇಳಿದ. ಅವನನ್ನು ಕೊಲ್ಲಲು ಹ.ಖಾಲಿದ್(ರ) ಅನುಮತಿ ಕೇಳಿದರು. ಅವನು ನಮಾಝ್ ಮಾಡುವವನಿರಬಹುದು ಎಂದು ಪ್ರವಾದಿಯವರು(ಸ) ತಡೆದರು. ಮನಸ್ಸಿನಲ್ಲಿಲ್ಲದ್ದನ್ನು ನಾಲಗೆಯಲ್ಲಿ ಹೇಳುವ ನಮಾಝಿಗಳು ಎಷ್ಟಿಲ್ಲ ಎಂದು ಖಾಲಿದ್ ಕೇಳಿದಾಗ, ಜನರ ಹೃದಯಗಳನ್ನು ಕೊರೆದು ನೋಡಲು ತನಗೆ ಅಪ್ಪಣೆಯಾಗಿಲ್ಲವೆಂದು ಉತ್ತರಿಸಿದರು. ನಂತರ, ಕುರ್‌ಆನ್ ಓದುತ್ತಿದ್ದರೂ ಅದು ಗಂಟಲಿನಿಂದ ಕೆಳಗಿಳಿಯದ ಜನರು ಇವನ ಪೀಳಿಗೆಯಿಂದ ಹೊರಡುವರೆಂದು ಮುನ್ನೆಚ್ಚರಿಕೆ ನೀಡಿದರು.

ಆ ಎಚ್ಚರಿಕೆಯನ್ನು ವಿದ್ವಾಂಸರು ಖವಾರಿಜ್ ಪಂಗಡಕ್ಕೆ ಅನ್ವಯಿಸುತ್ತಾರೆ. 657ರ ಸಿಫ್ಫೀನ್ ಯುದ್ಧ ಮಧ್ಯಸ್ಥಿಕೆಯಲ್ಲಿ ನಿಂತಾಗ ಅಲಿ(ರ)ರ ಪಡೆಯಿಂದ ಸಿಡಿದವರು ಇವರು. ತೀರ್ಪು ಅಲ್ಲಾಹನಿಗೆ ಮಾತ್ರ ಎಂಬುದು ಅವರ ಘೋಷಣೆ. ಮಾತು ಸತ್ಯ. ಆದರೆ ಅಲ್ಲಾಹನಿಗೆ ಮಾತ್ರ ಸೇರಿದ ತೀರ್ಪನ್ನು ಅವರು ತಾವೇ ಕೊಡತೊಡಗಿದರು. ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಅಲಿಯವರ ಬಗ್ಗೆ ನಿನ್ನ ಅಭಿಪ್ರಾಯವೇನು, ಉಸ್ಮಾನ್‌ರ ಬಗ್ಗೆ ಏನು ಎಂದು ಕೇಳುವುದು, ಉತ್ತರ ಹಿಡಿಸದಿದ್ದರೆ ಅವಿಶ್ವಾಸಿಯೆಂದು ಕೊಲ್ಲುವುದು. ಸಹಾಬಿ ಖಬ್ಬಾಬ್(ರ)ರ ಮಗ ಅಬ್ದುಲ್ಲಾ ಮತ್ತು ಅವರ ಗರ್ಭಿಣಿ ಪತ್ನಿ ಹೀಗೆ ಬಲಿಯಾದರು. ಅದೇ ಗುಂಪು ಮರದಿಂದ ಬಿದ್ದ ಖರ್ಜೂರವನ್ನು ಬೆಲೆ ಕೊಡದೆ ತಿನ್ನಲು ಹಿಂಜರಿಯುತ್ತಿತ್ತೆಂದು ಇತಿಹಾಸಕಾರರು ಬರೆಯುತ್ತಾರೆ. 658ರಲ್ಲಿ ನಹ್ರವಾನ್‌ನಲ್ಲಿ ಅಲಿ(ರ) ಅವರನ್ನು ಸೋಲಿಸಿದರು. 661ರಲ್ಲಿ ಅವರಲ್ಲೊಬ್ಬನ ಖಡ್ಗಕ್ಕೇ ಅಲಿ(ರ) ಬಲಿಯಾದರು.

ಆದರೂ ತಮ್ಮ ವಿರುದ್ಧ ದಂಗೆಯೆದ್ದ ಇವರನ್ನು ಅವಿಶ್ವಾಸಿಗಳೆಂದು ಕರೆಯಲು ಅಲಿ(ರ) ಒಪ್ಪಲಿಲ್ಲವೆಂದು ವರದಿಯಿದೆ. ಅವರು ಅವಿಶ್ವಾಸದಿಂದ ಓಡಿ ಬಂದವರೇ ಆಗಿದ್ದಾರೆ, ನಮ್ಮ ವಿರುದ್ಧ ಬಂಡೆದ್ದ ಸಹೋದರರು ಎಂಬುದು ಅವರ ನಿಲುವಾಗಿತ್ತು. ಖಡ್ಗಕ್ಕೆ ಖಡ್ಗದಿಂದ ಉತ್ತರ ಕೊಟ್ಟರು, ವಿಶ್ವಾಸದ ಲೆಕ್ಕವನ್ನು ಮಾತ್ರ ಮುಟ್ಟಲಿಲ್ಲ.

ಈ ಗಾಯದಿಂದಲೇ ಇನ್ನೊಂದು ಚಿಂತನೆ ಹುಟ್ಟಿತು. ಅಲಿ(ರ)ರ ಮೊಮ್ಮಗ ಹಸನ್ ಬಿನ್ ಮುಹಮ್ಮದ್ ಏಳನೇ ಶತಮಾನದ ಕೊನೆಯಲ್ಲಿ ಬರೆದರೆನ್ನಲಾದ ಪತ್ರವೊಂದು, ಅಂತಃಕಲಹದಲ್ಲಿ ಪಾಲ್ಗೊಂಡವರ ತೀರ್ಪನ್ನು ಅಲ್ಲಾಹನಿಗೆ ಬಿಡೋಣ ಎಂದಿತು. ಮುಂದೂಡುವುದು ಎಂಬ ಅರ್ಥದ ಇರ್ಜಾ ಎಂಬ ಹೆಸರು ಇದಕ್ಕೆ ಬಂತು. ಪಾಪ ಮಾಡಿದ ಮುಸ್ಲಿಮನು ಪಾಪಿಯಷ್ಟೇ, ಧರ್ಮದಿಂದ ಹೊರಹೋಗುವುದಿಲ್ಲ ಎಂಬ ಇಮಾಮ್ ಅಬೂ ಹನೀಫಾರ (ಮರಣ 767) ನಿಲುವಿಗೂ ಇದಕ್ಕೂ ನಂಟಿದೆ. ಮುಂದೆ ಕೆಲವರು ಇದನ್ನು ಅತಿಗೆ ಒಯ್ದು, ನಂಬಿಕೆಯೊಂದಿದ್ದರೆ ಸಾಕು, ಕರ್ಮ ಹೇಗಿದ್ದರೂ ಪರವಾಗಿಲ್ಲ ಎಂದರು. ಅದನ್ನು ವಿದ್ವಾಂಸರು ಖಂಡಿಸಿದ್ದು ನ್ಯಾಯವೇ. ಆದರೆ ತೀರ್ಪನ್ನು ಮುಂದೂಡಬೇಕೆಂಬ ಮೂಲ ಕಾಳಜಿ ರಕ್ತದಲ್ಲಿ ಮಿಂದ ಸಮಾಜವೊಂದು ಕಲಿತ ಪಾಠವಾಗಿತ್ತು.

ಬಗ್ದಾದಿನ ಪ್ರಶ್ನಾವಳಿ

833ರಲ್ಲಿ ಖಲೀಫ ಮಅಮೂನ್ ಬಗ್ದಾದಿನ ತನ್ನ ಅಧಿಕಾರಿಗೆ ಪತ್ರ ಬರೆದ. ನ್ಯಾಯಾಧೀಶರನ್ನೂ ಹದೀಸ್ ವಿದ್ವಾಂಸರನ್ನೂ ಕರೆಸಿ, ಕುರ್‌ಆನ್ ಸೃಷ್ಟಿಯೋ ಅಲ್ಲವೋ ಎಂದು ಕೇಳಬೇಕು. ಸೃಷ್ಟಿ ಎನ್ನದವರ ಸಾಕ್ಷ್ಯ ನ್ಯಾಯಾಲಯದಲ್ಲಿ ಸಲ್ಲದು. ಇದು ಮಿಹ್ನ, ಅಂದರೆ ಪರೀಕ್ಷೆ ಎಂದು ಹೆಸರಾಯಿತು. ಮಅಮೂನ್ ಅವಿದ್ಯಾವಂತನಲ್ಲ. ಗ್ರೀಕ್ ಗ್ರಂಥಗಳ ಅನುವಾದವನ್ನು ಪೋಷಿಸಿದ ಜ್ಞಾನಪ್ರೇಮಿ. ದೇವನ ಏಕತ್ವವನ್ನು ಶುದ್ಧವಾಗಿಡುವುದೇ ತನ್ನ ಉದ್ದೇಶವೆಂದು ಅವನು ನಂಬಿದ್ದ. ಆದರೆ ಆಳುವವನು ಪ್ರಜೆಯ ಎದೆಯೊಳಗೆ ಪ್ರಶ್ನಾವಳಿ ಹಿಡಿದು ನುಗ್ಗಿದಾಗ ಉದ್ದೇಶದ ಒಳ್ಳೆಯತನ ಯಾರ ರಕ್ಷಣೆಗೂ ಬರುವುದಿಲ್ಲ.

ಹೆಚ್ಚಿನವರು ಹೆದರಿ ಒಪ್ಪಿದರು. ಇಮಾಮ್ ಅಹ್ಮದ್ ಬಿನ್ ಹಂಬಲ್ ಮತ್ತು ಯುವ ವಿದ್ವಾಂಸ ಮುಹಮ್ಮದ್ ಬಿನ್ ನೂಹ್ ಒಪ್ಪಲಿಲ್ಲ. ಇಬ್ಬರನ್ನೂ ಸಂಕೋಲೆಯಲ್ಲಿ ಇಂದಿನ ತುರ್ಕಿಯ ತರ್ಸೂಸ್‌ನತ್ತ ಒಯ್ಯುತ್ತಿದ್ದಾಗಲೇ ಖಲೀಫ ಸತ್ತ ಸುದ್ದಿ ಬಂತು. ಹಿಂತಿರುಗುವ ದಾರಿಯಲ್ಲಿ ಬಿನ್ ನೂಹ್ ತೀರಿಕೊಂಡರು. ಎರಡು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಅಹ್ಮದ್‌ರನ್ನು ಮುಂದಿನ ಖಲೀಫ ಮುಅ್‌ತಸಿಮನ ಎದುರು ಪ್ರಜ್ಞೆ ತಪ್ಪುವವರೆಗೆ ಚಾವಟಿಯಿಂದ ಹೊಡೆಯಲಾಯಿತು. ಶಾಫಿಈಯವರ ಪ್ರಮುಖ ಶಿಷ್ಯ ಬುವೈತೀ ಬಗ್ದಾದಿನ ಸೆರೆಮನೆಯಲ್ಲೇ ಕೊನೆಯುಸಿರೆಳೆದರು. 845ರಲ್ಲಿ ಬೈಝಾಂಟಿಯನ್ನರಿಂದ ಮುಸ್ಲಿಮ್ ಯುದ್ಧಕೈದಿಗಳನ್ನು ಬಿಡಿಸಿಕೊಳ್ಳುವಾಗಲೂ ಖಲೀಫ ವಾಸಿಕನ ಅಧಿಕಾರಿಗಳು ಇದೇ ಪ್ರಶ್ನೆ ಕೇಳಿದರು. ಬಯಸಿದ ಉತ್ತರ ಕೊಟ್ಟವರಿಗೆ ಮಾತ್ರ ಬಿಡುಗಡೆ! ಖಲೀಫ ಮುತವಕ್ಕಿಲನ ಕಾಲದಲ್ಲಿ, 848ರ ನಂತರ, ಈ ಪರೀಕ್ಷೆ ಕೊನೆಗೊಂಡಿತು.

ತನ್ನನ್ನು ಹೊಡೆಸಿದ ಮುಅ್‌ತಸಿಮನನ್ನು ಇಮಾಮ್ ಅಹ್ಮದ್ ಕ್ಷಮಿಸಿದರು. ಆದರೆ ಹೆದರಿ ಒಪ್ಪಿದ್ದ ಹಳೆಯ ಗೆಳೆಯ ಯಹ್ಯಾ ಬಿನ್ ಮಈನ್‌ರೊಂದಿಗೆ ಮಾತು ಬಿಟ್ಟರೆಂಬ ವರದಿಯಿದೆ. ಯಹ್ಯಾ ಹ.ಅಮ್ಮಾರ್(ರ)ರ ಉದಾಹರಣೆ ಕೊಟ್ಟು ಸಮರ್ಥಿಸಿಕೊಂಡಾಗ, ಅಮ್ಮಾರ್‌ರನ್ನು ಹೊಡೆದಿದ್ದರು, ನಿಮ್ಮನ್ನು ಹೊಡೆಯುತ್ತೇವೆಂದಷ್ಟೇ ಹೇಳಿದ್ದರು ಎಂದರಂತೆ ಅಹ್ಮದ್. ಬೆನ್ನಲ್ಲಿ ಬಾಸುಂಡೆ ಹೊತ್ತವರ ಮಾತು ಅದು. ಅದನ್ನು ಅಳೆಯಲು ನಮಗೆ ಅರ್ಹತೆಯಿಲ್ಲ. ಆದರೆ ಮುಂದಿನ ಶತಮಾನದಲ್ಲಿ ಅವರ ಹೆಸರು ಹೇಳಿಕೊಂಡವರು ಬಗ್ದಾದಿನ ಮನೆಗಳಿಗೆ ನುಗ್ಗಿ ಮದ್ಯ ಹುಡುಕಿ ಚೆಲ್ಲತೊಡಗಿದರು, ಬೀದಿಯಲ್ಲಿ ಹೆಣ್ಣಿನೊಂದಿಗೆ ಹೋಗುವವನನ್ನು ತಡೆದು ಅವಳು ಯಾರೆಂದು ಕೇಳತೊಡಗಿದರು. 935ರಲ್ಲಿ ಖಲೀಫ ರಾದೀ ಅವರ ವಿರುದ್ಧ ಆಜ್ಞೆ ಹೊರಡಿಸಬೇಕಾಯಿತು. ಚಾವಟಿ ತಿಂದವರ ಪರಂಪರೆಯೂ ಚಾವಟಿ ಹಿಡಿಯಬಲ್ಲದು. ಈ ರೋಗ ಯಾವುದೇ ಒಂದು ಪಂಗಡದ್ದಲ್ಲ.

ನಾಲಗೆ ಸೋತಾಗ

ಯಹ್ಯಾ ಉದಾಹರಿಸಿದ ಅಮ್ಮಾರ್ ಬಿನ್ ಯಾಸಿರ್(ರ)ರ ಕಥೆ ಮಕ್ಕಾದ ಆರಂಭದ ದಿನಗಳದ್ದು. ತಾಯಿ ಸುಮಯ್ಯಾ(ರ) ಇಸ್ಲಾಮಿನ ಪ್ರಥಮ ಹುತಾತ್ಮೆ. ಚಿತ್ರಹಿಂಸೆ ತಾಳಲಾರದೆ ಅಮ್ಮಾರ್ ಪೀಡಕರು ಬಯಸಿದ್ದನ್ನು ಹೇಳಿಬಿಟ್ಟರು. ಅಳುತ್ತಾ ಬಂದ ಅವರಲ್ಲಿ ಪ್ರವಾದಿಯವರು(ಸ) ಕೇಳಿದ್ದು, ನಿನ್ನ ಹೃದಯ ಹೇಗಿದೆ ಎಂದು. ಅದು ವಿಶ್ವಾಸದಲ್ಲಿ ನೆಮ್ಮದಿಯಾಗಿದೆ ಎಂಬ ಉತ್ತರ ಸಾಕಾಯಿತು. ಬಲವಂತಕ್ಕೆ ಒಳಗಾದವರನ್ನು ದೋಷಮುಕ್ತಗೊಳಿಸುವ ಅನ್ನಹ್ಲ್ ಅಧ್ಯಾಯದ ಸೂಕ್ತವನ್ನು ವ್ಯಾಖ್ಯಾನಕಾರರು ಈ ಘಟನೆಯೊಂದಿಗೆ ಜೋಡಿಸುತ್ತಾರೆ.

ಈ ಸೂಕ್ತದ ನೆರಳು ಒಂಬತ್ತು ಶತಮಾನಗಳ ನಂತರ ಸ್ಪೇನಿನ ಮುಸ್ಲಿಮರಿಗೆ ಆಸರೆಯಾಯಿತು. 1492ರಲ್ಲಿ ಗ್ರನಾಡ ಶರಣಾದಾಗ ಧರ್ಮಪಾಲನೆಯ ಹಕ್ಕನ್ನು ಒಪ್ಪಂದದಲ್ಲಿ ಬರೆದುಕೊಡಲಾಗಿತ್ತು. ಸುಮಾರು ಹತ್ತು ವರ್ಷಗಳ ಬಳಿಕ, 1502ರಲ್ಲಿ, ಕ್ರೈಸ್ತರಾಗಿ ಅಥವಾ ದೇಶ ಬಿಡಿ ಎಂಬ ಆಜ್ಞೆ ಬಂತು. ಮತಾಂತರಗೊಂಡವರನ್ನೂ ನಂಬಲಿಲ್ಲ. ಅವರ ಎದೆಯಲ್ಲಿ ಇನ್ನೂ ಇಸ್ಲಾಮ್ ಇದೆಯೇ ಎಂದು ತಿಳಿಯಲು ಇನ್‌ಕ್ವಿಸಿಷನ್ ಎಂಬ ವಿಚಾರಣಾ ಮಂಡಳಿ ಕಣ್ಣಿಟ್ಟಿತ್ತು. ಹಂದಿಮಾಂಸ ತಿನ್ನದಿರುವುದು, ಮದರಂಗಿ ಹಚ್ಚುವುದು, ಮೈಕೈ ತೊಳೆಯುವುದು ಕೂಡ ಸಂಶಯಕ್ಕೆ ಕಾರಣವಾಯಿತು. ನೆರೆಹೊರೆಯವರು ಗೂಢಚಾರರಾದರು.

1504ರಲ್ಲಿ ಉತ್ತರ ಆಫ್ರಿಕಾದ ವಹ್ರಾನ್ ಮೂಲದ ವಿದ್ವಾಂಸರೊಬ್ಬರು ಈ ಜನರಿಗೆ ಫತ್ವಾವೊಂದನ್ನು ಬರೆದು ಕಳುಹಿಸಿದರು. ನಮಾಝನ್ನು ಸನ್ನೆಯಲ್ಲಾದರೂ ನಿರ್ವಹಿಸಿ, ನೀರು ಸಿಗದಿದ್ದರೆ ಗೋಡೆಗೆ ಕೈ ತಾಗಿಸಿಯಾದರೂ ಶುದ್ಧರಾಗಿ, ಬೇರೆಯದರ ಮುಂದೆ ಬಾಗಲು ಬಲವಂತ ಮಾಡಿದರೆ ಮನಸ್ಸಿನಲ್ಲಿ ಅಲ್ಲಾಹನಿಗೇ ಬಾಗಿ ಎಂಬುದು ಅದರ ತಾತ್ಪರ್ಯ. ದೇಶ ಬಿಡದೆ ಉಳಿದವರನ್ನು ಕಟುವಾಗಿ ಟೀಕಿಸಿದ ವಿದ್ವಾಂಸರೂ ಆಗ ಇದ್ದರು. ಆದರೆ ಈ ಫತ್ವಾ ಅವರನ್ನು ಸಹೋದರರೆಂದು ಕರೆಯಿತು. ಗುಟ್ಟಾಗಿ ಪ್ರತಿ ಮಾಡಿ ಹಂಚಿಕೊಂಡ ಅದರ ಹಸ್ತಪ್ರತಿಗಳು ಇಂದಿಗೂ ಉಳಿದಿವೆ. ಎದೆಯನ್ನು ಅಲ್ಲಾಹನಿಗೆ ಬಿಡುವ ತತ್ವವು ಆಳುವವರ ಕೈಗೆ ಲಗಾಮು, ದಮನಿತರ ಬೆನ್ನಿಗೆ ಆಸರೆ. ಕೊನೆಗೆ 1609ರಿಂದ 1614ರವರೆಗೆ ಸುಮಾರು 3 ಲಕ್ಷ ಜನರನ್ನು ಹಡಗು ಹತ್ತಿಸಿ ಗಡೀಪಾರು ಮಾಡಲಾಯಿತು. ಒಂದು ನೂರು ವರ್ಷ ಎದೆ ಕೆದಕಿದ ನಂತರವೂ ಆಳುವವರಿಗೆ ಸಮಾಧಾನವಾಗಿರಲಿಲ್ಲ. ಸಂಶಯಕ್ಕೆ ತೃಪ್ತಿಯೆಂಬುದಿಲ್ಲ.

ನಮ್ಮ ಅಂಗಳದಲ್ಲಿ

ಇದೆಲ್ಲ ಹಳೆಯ ಕಾಲದ ಕಥೆಯೆಂದು ಸುಮ್ಮನಿರುವಂತಿಲ್ಲ. 1995ರಲ್ಲಿ ಈಜಿಪ್ಟಿನ ನ್ಯಾಯಾಲಯವೊಂದು ಕೈರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ನಸ್ರ್ ಹಾಮಿದ್ ಅಬೂ ಝೈದ್‌ರನ್ನು ಅವರ ಬರಹಗಳ ಆಧಾರದಲ್ಲಿ ಧರ್ಮಭ್ರಷ್ಟರೆಂದು ಘೋಷಿಸಿ, ಪತ್ನಿಯೊಂದಿಗಿನ ಅವರ ವಿವಾಹವನ್ನೇ ರದ್ದುಪಡಿಸಿತು. ತಾನು ಮುಸ್ಲಿಮನೆಂದು ಅವರು ಹೇಳುತ್ತಲೇ ಇದ್ದರು. ಪತ್ನಿ ಅವರನ್ನು ಬಿಡಲಿಲ್ಲ. ದಂಪತಿ ದೇಶ ಬಿಟ್ಟು ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದರು. 2010ರಲ್ಲಿ ಅವರು ಕೈರೋದಲ್ಲಿ ನಿಧನರಾದರು. ಅವರ ವಿಚಾರಗಳನ್ನು ಒಪ್ಪಬೇಕೆಂದಿಲ್ಲ. ಬರಹಕ್ಕೆ ಬರಹದಿಂದ ಉತ್ತರ ಕೊಡಬಹುದು. ಆದರೆ ಮದೀನಾದ ಕಪಟಿಗಳಿಗೆ ದಕ್ಕಿದ ಕುಟುಂಬ ಜೀವನ ಇಪ್ಪತ್ತನೇ ಶತಮಾನದ ಪ್ರಾಧ್ಯಾಪಕನಿಗೆ ದಕ್ಕಲಿಲ್ಲವೆಂಬುದನ್ನು ಯೋಚಿಸಬೇಡವೇ? 2005ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸುಮಾರು 50 ದೇಶಗಳ ವಿದ್ವಾಂಸರು ಸೇರಿ, ಮಾನ್ಯ ಮದ್‌ಹಬ್‌ಗಳನ್ನು ಅನುಸರಿಸುವ ಯಾರನ್ನೂ ಧರ್ಮಭ್ರಷ್ಟರೆನ್ನಬಾರದೆಂದು ನಿರ್ಣಯಿಸಿದರು. ಹೀಗೆ ಸಭೆ ಸೇರಿ ಹೇಳಬೇಕಾಗಿ ಬಂತೆಂಬುದೇ ರೋಗ ಎಷ್ಟು ಹಬ್ಬಿದೆ ಎಂಬುದಕ್ಕೆ ಸೂಚನೆ.

ನಮ್ಮ ಮೊಹಲ್ಲಾಗಳನ್ನೇ ನೋಡಿ. ಒಬ್ಬನು ಆ ಮಸೀದಿಗೆ ಹೋದನೆಂದು, ಈ ಸಂಘಟನೆಯವನ ಮಗಳನ್ನು ಸೊಸೆಯಾಗಿ ತಂದನೆಂದು ಅವನ ವಿಶ್ವಾಸಕ್ಕೇ ಸರ್ಟಿಫಿಕೇಟ್ ಕೊಡುವ, ಕಸಿಯುವ ಮಾತು ಎಷ್ಟು ಸಲೀಸಾಗಿ ನಡೆಯುತ್ತದೆ! ಸಲಾಮ್‌ಗೆ ಉತ್ತರ ಕೊಡದವರೂ ಇದ್ದಾರೆ. ಅತ್ತ ದೇಶದಲ್ಲಿ ಮುಸ್ಲಿಮನ ದೇಶಪ್ರೇಮವನ್ನು ಮತ್ತೆ ಮತ್ತೆ ಪರೀಕ್ಷೆಗೊಡ್ಡಿ, ಎದೆ ಬಗೆದು ತೋರಿಸು ಎನ್ನುವವರಿದ್ದಾರೆ. ಎಷ್ಟು ತೋರಿಸಿದರೂ ಅವರಿಗೆ ಸಾಲದು. ಈ ಅನ್ಯಾಯ ನಮಗೆ ನೋವು ಕೊಡುತ್ತದೆ, ಕೊಡಲೇಬೇಕು. ಆದರೆ ಅದೇ ಬಾಕುವನ್ನು ಹಿಡಿದು ನಾವು ನಮ್ಮ ಪಕ್ಕದ ಮನೆಯವನ ಎದೆ ಬಗೆಯಲು ಹೊರಟರೆ, ನಮ್ಮ ನೋವಿನ ದೂರಿಗೆ ಬಲವಿರುತ್ತದೆಯೇ?

ಉಸಾಮ(ರ) ಆ ಘಟನೆಯ ನಂತರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿದರು. ತಪ್ಪು ಮಾಡಿದವನೆಂದು ಪ್ರವಾದಿಯವರು(ಸ) ಅವರನ್ನು ದೂರ ತಳ್ಳಲಿಲ್ಲ. 632ರಲ್ಲಿ ಹಿರಿಯ ಸಹಾಬಿಗಳಿದ್ದ ಸೇನೆಗೆ ಇಪ್ಪತ್ತು ವರ್ಷವೂ ತುಂಬದ ಅವರನ್ನೇ ದಂಡನಾಯಕರನ್ನಾಗಿ ಮಾಡಿದರು. ಆದರೆ ಆ ಪ್ರಶ್ನೆ ಉಸಾಮರನ್ನು ಬಿಡಲಿಲ್ಲ. ಮುಸ್ಲಿಮರು ಪರಸ್ಪರ ಖಡ್ಗ ಎತ್ತಿದ ದಿನಗಳಲ್ಲಿ ಅವರು ಯಾವ ಪಕ್ಷಕ್ಕೂ ಸೇರಲಿಲ್ಲ. ಸಿಂಹದ ಬಾಯಿಗೆ ಸಿಕ್ಕರೂ ಅಲಿಯವರ ಜೊತೆಗಿರಲು ತಾನು ಸಿದ್ಧ, ಆದರೆ ಈ ಯುದ್ಧದಲ್ಲಿ ಮಾತ್ರ ಇಲ್ಲವೆಂದು ಅವರು ಹೇಳಿ ಕಳುಹಿಸಿದ್ದರು. ಪರ್ಶಿಯಾವನ್ನು ಗೆದ್ದ ವೀರ ಸಅದ್ ಬಿನ್ ಅಬೀ ವಕ್ಕಾಸ್(ರ) ಕೂಡ, ಉಸಾಮ ಒಬ್ಬ ಮುಸ್ಲಿಮನ ಮೇಲೆ ಕೈ ಎತ್ತುವವರೆಗೆ ತಾನೂ ಎತ್ತಲಾರೆ ಎಂದರು.

ಉಸಾಮ ಎತ್ತಲೇ ಇಲ್ಲ. ಒಮ್ಮೆ ಊಹೆಯ ಮೇಲೆ ನಡೆದು ಅವರು ಕಳೆದುಕೊಂಡದ್ದು ಏನೆಂದು ಅವರಿಗೆ ಗೊತ್ತಿತ್ತು. ನಮಗಾದರೋ, ಅಷ್ಟು ಬೆಲೆ ತೆರದೆಯೇ ಆ ಪಾಠ ಸಿಕ್ಕಿದೆ. ಇನ್ನೊಬ್ಬರ ಎದೆಯ ಲೆಕ್ಕವನ್ನು ಅದನ್ನು ಬಲ್ಲವನಿಗೆ ಬಿಟ್ಟು, ಹ.ಉಮರ್(ರ) ಹುದೈಫಾರಲ್ಲಿ ಕೇಳಿದ ಪ್ರಶ್ನೆಯನ್ನು ನಮ್ಮ ಎದೆಗೆ ನಾವೇ ಕೇಳಿಕೊಂಡರೆ, ಇಡೀ ಆಯುಷ್ಯಕ್ಕೆ ಸಾಕಾಗುವಷ್ಟು ಕೆಲಸ ಅಲ್ಲಿಯೇ ಇದೆ.